ಡಾಕ್ಟರರ ಫಟಫಟಿ, ನನ್ನ ಕಾಲು

ಹೋದ ವಾರ ಅಳಿಯ ಹಟ್ಟಿಯಿಂದ ಹೊಸ ಬೈಕಿನ ಮೇಲೆ ಬಂದ. ಗಣಿಯಲ್ಲಿ ಪಾಳಿ ಮುಗಿಸಿ, ಮನೆಗೂ ಹೋಗದೆ, ಸೀದಾ ಸಿಂಧನೂರಿನ ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದ. ನಾನು ಕಟ್ಟೆಯ ಮೇಲೆ ಕೂತಿದ್ದೆ. ಗಾಡಿ ಬಂದ್ ಮಾಡಿದ ಮೇಲೂ ಎಂಜಿನ್ನು ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿತ್ತು. ಬಿಸಿ ಕಬ್ಬಿಣದ ಮೇಲೆ ಎಣ್ಣೆಯ ಜಿಡ್ಡು, ಜಿಡ್ಡಿನ ಮೇಲೆ ಗರಸು ಮಣ್ಣಿನ ಧೂಳು ಕೂತು ಸುಡುವ ಆ ವಾಸನೆ ಮೂಗಿಗೆ ಬಡಿಯಿತು. ಎದ್ದು ಒಳಗೆ ಹೋಗಿಬಿಡಬೇಕು ಅನ್ನಿಸಿತು. ಹೋಗಲಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಕೂತರೆ ಏಳುವುದೇ ಒಂದು ಕೆಲಸ.

ಅಳಿಯನಿಗೆ ಊರೂರು ತಿರುಗುವ ಹುಚ್ಚು. ರಜೆ ಸಿಕ್ಕರೆ ಗೆಳೆಯರನ್ನು ಕಟ್ಟಿಕೊಂಡು ಗುಡ್ಡ, ಹಳ್ಳ, ಹೊಲದ ದಾರಿ ಎನ್ನದೆ ಹೋಗುತ್ತಾನೆ. “ದೊಡ್ಡದು ತಗೊಂಡ್ರ ಬಿದ್ದಾಗ ಎತ್ತಾಕ ಬರಂಗಿಲ್ಲ ಮಾವ. ಸಣ್ಣದು ತಗೊಂಡ್ರ ದೂರದ ಹಾದಿಗೆ ದಣೀತದ. ಅದಕ್ಕ ನಡುವಿಂದು ತಂದೀನಿ,” ಎಂದ. ನಾನು ಹೂಂ ಅಂದೆ. ಇದೇ ಮಾತನ್ನು ನಾನು ನಿಜಾಮನ ಕಾಲದಲ್ಲಿ, ಲಿಂಗಸುಗೂರಿನ ಒಂದು ಬೇವಿನ ಮರದ ಕೆಳಗೆ, ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಅವರು ದನದ ಡಾಕ್ಟರು. ಅವರು ನೆನಪಾದರೆ ನನಗೆ ಸಂತೋಷವಾಗಬೇಕು, ಅಷ್ಟು ಒಳ್ಳೆಯ ಮನುಷ್ಯ. ಆದರೆ ನನಗೆ ಮೊದಲು ಬರುವುದು ನಾಚಿಕೆ...

ನಾನಾಗ ಮಸ್ಕಿಯಲ್ಲಿ ಬಿಟ್ಟಿಯ ಆಳು. ಬಿಟ್ಟಿ ಎಂದರೆ ಈಗಿನವರಿಗೆ ಪುಕ್ಕಟೆ ಎಂದಷ್ಟೇ ಅರ್ಥ. ನಮಗೆ ಅದು ಹುಟ್ಟಿನಿಂದಲೇ ಬಂದ ನೌಕರಿ, ಪಗಾರವೊಂದು ಇರಲಿಲ್ಲ. ಸರ್ಕಾರದ ಯಾವ ಸಾಹೇಬರು ಊರೂರು ತಿರುಗುವ ದೌರಾಕ್ಕೆ ಬಂದರೂ ನಮ್ಮ ಕೇರಿಯಿಂದ ಒಬ್ಬ ಅವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಕುದುರೆಯ ಮುಂದೆ ಓಡಬೇಕು. ಮುಂದಿನ ಊರಿನ ಹದ್ದು, ಅಂದರೆ ಗಡಿಯ ಕಲ್ಲಿನವರೆಗೆ ಓಡಿ, ಅಲ್ಲಿ ಕಾದಿರುವ ಆ ಊರಿನ ಆಳಿಗೆ ಸಾಹೇಬರನ್ನು ಒಪ್ಪಿಸಿ ತಿರುಗಬೇಕು. ಇದಕ್ಕೆ ನಮ್ಮಲ್ಲಿ ‘ಮುಟ್ಟಿಸುವುದು’ ಎನ್ನುತ್ತಿದ್ದರು. ಸಂಜೆ ಮನೆಗೆ ಬಂದರೆ ಅಪ್ಪ ಕೇಳುತ್ತಿದ್ದುದು ಒಂದೇ ಮಾತು: “ಮುಟ್ಟಿಸಿ ಬಂದ್ಯಾ?” ಯಾರನ್ನೂ ಮುಟ್ಟಬಾರದ ಜಾತಿಯವನಿಗೆ ಊರು ಕೊಟ್ಟ ಕೆಲಸದ ಹೆಸರು ಮುಟ್ಟಿಸುವುದು! ಆ ವಯಸ್ಸಿನಲ್ಲಿ ಇದು ಹೊಳೆದಿರಲಿಲ್ಲ. ಹೊಳೆದಿದ್ದರೂ ನಗಲು ಎದೆಯಲ್ಲಿ ಉಸಿರು ಉಳಿದಿರುತ್ತಿರಲಿಲ್ಲ.

ಬಂದುಹೋಗುವ ಸಾಹೇಬರಲ್ಲಿ ಡಾಕ್ಟರು ಬೇರೆಯೇ. ಧಾರವಾಡದ ಕಡೆಯವರು, ಲಿಂಗಸುಗೂರಿನ ದನದ ದವಾಖಾನೆಗೆ ಬಂದಿದ್ದರು. ತೆಳ್ಳನೆಯ ಎತ್ತರದ ಆಳು, ತಲೆಯ ಮೇಲೆ ಖಾಕಿ ಬಟ್ಟೆ ಹೊದಿಸಿದ ದುಂಡು ಟೋಪಿ. ನಾನು ಮುಂದೆ ಓಡುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಸ್ವಲ್ಪ ದೂರ ಬಂದವರು ಕುದುರೆಯಿಂದ ಇಳಿದು ನಡೆಯತೊಡಗುತ್ತಿದ್ದರು. ಒಂದು ಸಲ ನಾನು ಮುಂದೆ, ನನ್ನ ಹಿಂದೆ ಅವರು, ಅವರ ಹಿಂದೆ ಬರಿಯ ಜೀನಿನ ಕುದುರೆ, ಹೀಗೆ ಮಸ್ಕಿಯ ಬಜಾರು ದಾಟಿದೆವು. ಕಟ್ಟೆಯ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರ ಮೇಲೆ ನಗಲಾಗುತ್ತದೆಯೆ? ನಗುವೆಲ್ಲ ನನ್ನ ಪಾಲಿಗೆ ಬಂತು. “ಏನಲೇ, ಸಾಹೇಬ್ರನ್ನ ನಡಿಸ್ಕೊಂತ ಬಂದಿ, ಕುದುರಿ ಮ್ಯಾಲೆ ನಿಮ್ಮಪ್ಪನ್ನ ಕುಂದ್ರಸ್ತೀಯೇನು?” ಎಂದರು. ಡಾಕ್ಟರರ ಒಳ್ಳೆಯತನದಿಂದ ನನಗಾದ ಮೊದಲ ನಾಚಿಕೆ ಅದು.

ಆಮೇಲೆ ಆ ಕುದುರೆ ರೋಗ ಬಂದು ಸತ್ತಿತು. ದನದ ಡಾಕ್ಟರರ ಕುದುರೆಯೇ ಉಳಿಯಲಿಲ್ಲವೆಂದು ಊರು ಆಡಿಕೊಂಡಿತು. ಅವರು ಇನ್ನೊಂದು ಕುದುರೆ ಕೊಳ್ಳಲಿಲ್ಲ. ಯುದ್ಧ ಮುಗಿದಿತ್ತು. ಮಿಲಿಟರಿಯವರಿಗೆ ಬೇಡವಾದ ಮೋಟಾರ್ ಸೈಕಲ್ಲುಗಳನ್ನು ಲಿಂಗಸುಗೂರಿನ ಒಬ್ಬ ಗುತ್ತೇದಾರ ಹರಾಜಿನಲ್ಲಿ ಹಿಡಿದು ತಂದಿದ್ದ. ನಾವು ಅವಕ್ಕೆ ಫಟಫಟಿ ಎನ್ನುತ್ತಿದ್ದೆವು. ಡಾಕ್ಟರು ಮಸ್ಕಿಯಲ್ಲಿ ಬಿಟ್ಟಿದ್ದ ಔಷಧದ ಪೆಟ್ಟಿಗೆ ತೆಗೆದುಕೊಂಡು ಬಾ ಎಂದು ನನಗೆ ಹೇಳಿ ಕಳಿಸಿದರು. ಪೆಟ್ಟಿಗೆ ಸರಿ, ಫಟಫಟಿ ಆರಿಸುವಲ್ಲಿ ನಾನು ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೋದೆ.

ಬೇವಿನ ಮರದ ಕೆಳಗೆ ಮೂರು ನಿಂತಿದ್ದವು. ಮೂರಕ್ಕೂ ಖಾಕಿ ಬಣ್ಣ, ಮೂರರ ಮೈಮೇಲೂ ಬಿಳಿ ಬಣ್ಣದಲ್ಲಿ ಏನೋ ನಂಬರು. ಒಂದು ಗಬ್ಬದ ಎಮ್ಮೆಯಷ್ಟು ದೊಡ್ಡದು. ಒಂದು ತೀರ ಸಣ್ಣದು, ಸೈಕಲ್ಲಿಗೆ ಎಂಜಿನ್ನು ಕಟ್ಟಿದ ಹಾಗೆ. ಇನ್ನೊಂದು ನಡುವಿನದು. ಗುತ್ತೇದಾರನಿಗೆ ದೊಡ್ಡದನ್ನು ಸಾಗಿಸಿಬಿಡುವ ಅವಸರ.

“ಇದು ಏಕದಂ ಮಜಬೂತ್ ಐತ್ರೀ ಸಾಹೇಬ್ರ. ಇದರ ಮ್ಯಾಲೆ ನೀವು ಬಂದ್ರ ಊರಿಗೆ ಊರೇ ಎದ್ದು ನಿಂದರತದ,” ಎಂದ.

“ಊರು ಏಳೂದು ಬ್ಯಾಡ. ಬಿದ್ದಾಗ ಇದು ಎದ್ರ ಸಾಕು,” ಎಂದ ಡಾಕ್ಟರು ಟೋಪಿ ತೆಗೆದು ಮರದ ಬೇರಿನ ಮೇಲಿಟ್ಟರು. ಆಮೇಲೆ ಆ ದೊಡ್ಡ ಫಟಫಟಿಯನ್ನು ಹಿಡಿಕೆ ಹಿಡಿದು, ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ ನೆಲದ ಮೇಲೆ ಮಲಗಿಸಿಬಿಟ್ಟರು.

ಗುತ್ತೇದಾರನ ಜೀವ ಬಾಯಿಗೆ ಬಂತು. ಕೊಳ್ಳುವ ಮೊದಲೇ ಸಾಮಾನನ್ನು ಕೆಡವಿ ನೋಡುವ ಗಿರಾಕಿಯನ್ನು ಅವನು ಕಂಡಿರಲಿಕ್ಕಿಲ್ಲ. ಡಾಕ್ಟರು ಅದಕ್ಕೆ ಬೆನ್ನು ಕೊಟ್ಟು ಎತ್ತಲು ನೋಡಿದರು. ಕುತ್ತಿಗೆಯ ನರ ಉಬ್ಬಿದವು, ಬೂಟು ಮಣ್ಣಿನಲ್ಲಿ ಜಾರಿದವು, ಅದು ಅಲುಗಲಿಲ್ಲ. ನನ್ನ ಕೈ ತಾನೇ ಮುಂದೆ ಹೋಯಿತು. “ನೀ ಮುಟ್ಟಬ್ಯಾಡ,” ಎಂದರು, ಅದೇ ಏದುಸಿರಿನಲ್ಲಿ.

ನಾನು ಕೈ ಹಿಂದಕ್ಕೆ ತೆಗೆದುಕೊಂಡು ದೂರ ಸರಿದೆ. ಅಂಥ ಮಾತು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ, ಕಿವಿಗೆ ಅದು ಮಾತೇ ಅಲ್ಲ. ಆದರೆ ಅವರಿಗೆ ತಾವು ಏನೆಂದೆವೆಂದು ಆಮೇಲೆ ಹೊಳೆಯಿತು. ಮುಖ ಕೆಂಪಗಾಯಿತು. “ಹಂಗಲ್ಲೋ... ಹಾದ್ಯಾಗ ಬಿದ್ರ ನಾ ಒಬ್ಬಾವನ ಎತ್ತಬೇಕಾಗ್ತದ. ಬಿಟ್ಟಿ ಆಳು ಕರಿಯೂದು ಬ್ಯಾಡ ಅಂತ ಅಂದೆ,” ಎಂದರು. ಗುತ್ತೇದಾರನೂ ಅವನ ಜನರೂ ನಮ್ಮಿಬ್ಬರ ಮುಖ ನೋಡಿದರು. ಒಬ್ಬ ಸಾಹೇಬರು ನನ್ನಂಥವನಿಗೆ ಎಲ್ಲರೆದುರು ಸಮಜಾಯಿಷಿ ಕೊಡುತ್ತಿದ್ದರು. ಬೈದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ದೊಡ್ಡದು ಹೀಗೆ ಹೋಯಿತು. ಸಣ್ಣದನ್ನು ಒಂದೇ ಕೈಯಲ್ಲಿ ಎತ್ತಿದರು. ಹಾದಿಯಲ್ಲಿ ಹೇಗೆಂದು ನೋಡಲು ಅದನ್ನು ಹತ್ತಿ ಊರ ಹೊರಗಿನ ಏರಿನ ಕಡೆ ಹೊರಟರು. ಇಲ್ಲಿ ನಾನೊಂದು ಕೆಲಸ ಮಾಡಿದೆ, ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ. ಫಟಫಟಿ ಶುರುವಾದದ್ದೇ ತಡ, ಪೆಟ್ಟಿಗೆ ತಲೆಗೇರಿಸಿಕೊಂಡು ಅದರ ಮುಂದೆ ಓಡಿದೆ. ಯಾರೂ ಹೇಳಿರಲಿಲ್ಲ. ಸಾಹೇಬರು ಹೊರಟರೆ ನನ್ನ ಕಾಲು ತಾವಾಗಿ ಹೊರಡುತ್ತಿದ್ದವು. ಸಪಾಟು ನೆಲದಲ್ಲಿ ಅದು ನನ್ನನ್ನು ದಾಟಿತು, ಏರಿನಲ್ಲಿ ಕೆಮ್ಮುತ್ತಾ ನಿಧಾನವಾಯಿತು. ನಾನು ಅದನ್ನು ದಾಟಿ ಮೇಲೆ ಹೋಗಿ ನಿಂತೆ. ಅವರು ಬಂದು ನಿಲ್ಲಿಸಿದರು. ಗೆದ್ದೆನೆಂದು ನನಗೆ ಒಳಗೊಳಗೇ ಹೆಮ್ಮೆ.

“ಯಾಕ ಓಡಿದಿ?” ಎಂದರು. ನಾನು ಪೆಟ್ಟಿಗೆ ಕೆಳಗಿಳಿಸಿದೆ.

ನಡುವಿನದನ್ನು ಅವರು ಬಹಳ ಹೊತ್ತು ನೋಡಿದರು. ಮಲಗಿಸಿ ಎತ್ತಿದರು. ಕಷ್ಟಪಟ್ಟರು, ಆದರೆ ಎತ್ತಿದರು. ಅದರ ಮೇಲೆ ಕೂತರೆ ಎರಡೂ ಪಾದ ಪೂರ್ತಿ ನೆಲ ಮುಟ್ಟುತ್ತಿದ್ದವು, ಹಳ್ಳದ ಉಸುಕಿನಲ್ಲಿ ಕಾಲೂರಲು ಅದು ಬೇಕಂತೆ. ಎಂಜಿನ್ನಿನ ಹೊಟ್ಟೆಗೂ ನೆಲಕ್ಕೂ ನಡುವೆ ಕಲ್ಲು ದಾಟುವಷ್ಟು ಜಾಗವಿತ್ತು. ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಜಾಗ ಕಡಿಮೆ, ಎರೆ ಮಣ್ಣು ಮೆತ್ತಿ ಚಕ್ರವೇ ತಿರುಗುವುದಿಲ್ಲ ಎಂದರು. ಆಮೇಲೆ ಕಮ್ಮಾರನಿಂದ ಆ ತಗಡನ್ನು ಎತ್ತರಿಸಿಕೊಂಡರು. ದೂರದ ದೌರಾಕ್ಕೂ ಆಗುತ್ತದೆ, ಹಳ್ಳಿಯ ದಾರಿಗೂ ಆಗುತ್ತದೆ, ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಕೊನೆಗೆ ಹಿಂದಿನ ಸೀಟಿನ ಮೇಲೆ ಅಂಗೈಯಿಂದ ತಟ್ಟಿದರು.

ಗುತ್ತೇದಾರ ನಕ್ಕು ಕೇಳಿದ: “ಹಿಂದ ನಿಮ್ಮ ಬಾಯಿಸಾಹೇಬ್ರು ಕುಂದರತಾರೇನ್ರೀ?”

“ಇಂವ ಕುಂದರತಾನ,” ಎಂದು ಡಾಕ್ಟರು ನನ್ನ ಕಡೆ ಬೆರಳು ಮಾಡಿದರು.

ಅಲ್ಲಿದ್ದವರೆಲ್ಲ ಅದನ್ನು ಸಾಹೇಬರ ತಮಾಷೆ ಎಂದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಲೇ ನನ್ನ ಪಾದ ನೋಡಿಕೊಂಡೆ, ಸೀಳಿದ ಹಿಮ್ಮಡಿಯಲ್ಲಿ ಲಿಂಗಸುಗೂರಿನ ಮಣ್ಣು. ಆರಿಸುವುದು ನನ್ನ ಕೈಯಲ್ಲಿದ್ದಿದ್ದರೆ ಸಣ್ಣದನ್ನೇ ಕೊಡಿಸುತ್ತಿದ್ದೆ. ಅದಕ್ಕೆ ಹಿಂದಿನ ಸೀಟೇ ಇರಲಿಲ್ಲ.

ಡಾಕ್ಟರು ಮಸ್ಕಿಯ ಪಟೇಲರಿಗೆ ಹೇಳಿದರು: ಊರೂರಿಗೆ ಆಳು ಬದಲಾಗುವುದು ಬೇಡ, ಬಾಟಲಿಗಳ ಪರಿಚಯ ಇರುವವನು ಇವನೊಬ್ಬನೇ ದೌರಾಕ್ಕೆ ಬರಲಿ. ಪಟೇಲರು ಒಪ್ಪಿದರು. ಮೊದಲ ದಿನ ಊರು ದಾಟಿದ ಮೇಲೆ ನಿಲ್ಲಿಸಿ ಹತ್ತು ಎಂದರು. ನಾನು ತಲೆ ತಿರುಗುತ್ತದೆ ಎಂದು ಸುಳ್ಳು ಹೇಳಿದೆ. ತಲೆ ತಿರುಗುವುದಲ್ಲ, ಬೇರೆ ಕಾರಣಗಳಿದ್ದವು. ಹಿಂದೆ ಕೂತರೆ ನನ್ನ ಎದೆ ಅವರ ಬೆನ್ನಿಗೆ ತಾಗುತ್ತದೆ. ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಕೇರಿಯವನು ಸಾಹೇಬರ ಸಮಕ್ಕೆ ಕೂತು ಹೋದರೆ, ಸಾಹೇಬರನ್ನು ಯಾರೂ ಏನೂ ಅನ್ನುವುದಿಲ್ಲ. ಅವರು ಲಿಂಗಸುಗೂರಿಗೆ ಹೋಗುತ್ತಾರೆ, ನಾನು ಕೇರಿಗೆ ಹೋಗಬೇಕು.

ಅವರು ನನ್ನ ಓಟಕ್ಕೆ ಸರಿಯಾಗಿ ನಿಧಾನ ಬಂದರು. ಆದರೆ ಫಟಫಟಿಗೆ ನಿಧಾನ ಆಗಿಬರುವುದಿಲ್ಲ. ಗಾಳಿ ತಾಗದೆ ಎಂಜಿನ್ನು ಕಾದು, ಸುಟ್ಟ ಎಣ್ಣೆ ನಾರತೊಡಗಿ, ಕೊನೆಗೆ ನಿಂತೇಬಿಡುತ್ತಿತ್ತು. ಆಗ ಅವರು ಮುಂದೆ ಹೋಗಿ ಒಂದು ಜಾಲಿಯ ನೆರಳಿನಲ್ಲಿ ಕಾಯುವುದು, ನಾನು ಓಡಿ ಮುಟ್ಟುವುದು, ಮತ್ತೆ ಅವರು ಮುಂದಿನ ನೆರಳಿಗೆ ಹೋಗುವುದು. ಕುದುರೆಯ ಕಾಲದಲ್ಲಿ ನಾನು ಹೀಗೆ ದಣಿದವನಲ್ಲ. ನನ್ನ ಓಟ ತಪ್ಪಿಸಲು ತಂದ ಗಾಡಿ ನನ್ನನ್ನು ಇನ್ನಷ್ಟು ಓಡಿಸುತ್ತಿತ್ತು. ನೆರಳಿನಲ್ಲಿ ಕಾಯುತ್ತಾ ನಿಂತ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ, ಓಡಿ ಬರುವ ನನ್ನನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ.

ಕೊನೆಗೆ ನನ್ನನ್ನು ಹತ್ತಿಸಿದ್ದು ಬಾಟಲಿಗಳು. ದನಗಳು ಸಾಲುಸಾಲಾಗಿ ಸಾಯುವ ದೊಡ್ಡ ಬ್ಯಾನಿ ಬಂದ ವರ್ಷ ಅದು. ಸೂಜಿ ಹಾಕುವ ಔಷಧ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಹಿಂದೆ ಕಟ್ಟಿದರೆ ಕುಲುಕಾಟಕ್ಕೆ ಒಡೆಯುತ್ತಿದ್ದವು, ತಲೆಯ ಮೇಲೆ ಹೊತ್ತು ಓಡಿದರೆ ಊರು ಮುಟ್ಟುವ ಹೊತ್ತಿಗೆ ದನ ಸತ್ತಿರುತ್ತಿದ್ದವು. “ಮಡಲಾಗ ಇಟ್ಕೊಂಡು ಕುಂದ್ರು. ನನ್ನ ಸಲುವಾಗಿ ಅಲ್ಲ, ದನದ ಸಲುವಾಗಿ ಹತ್ತು,” ಎಂದರು. ಕಣ್ಣು ಮುಚ್ಚಿಕೊಂಡು ಹತ್ತಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದೆ. ಪಾಮನಕಲ್ಲೂರಿನ ಹಾದಿ, ಜೋಳದ ಹೊಲಗಳು ಎರಡೂ ಕಡೆಯಿಂದ ಹಿಂದಕ್ಕೆ ಓಡುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ಓಡುತ್ತಿದ್ದದ್ದು ನಾನಲ್ಲ. ನನಗೆ ನಗು ಬಂತು, ಅವರಿಗೂ ಕೇಳಿಸಿರಬೇಕು.

ಊರ ಹದ್ದು ಹತ್ತಿರ ಬಂದಾಗ ಅವರ ಅಂಗಿಯ ತುದಿ ಜಗ್ಗಿ, ಇಳಿಸಿರಿ ಎಂದೆ. ಅವರು ಕಾರಣ ಕೇಳಲಿಲ್ಲ. ಇಳಿದೆ, ಹಳ್ಳದ ನೀರನ್ನು ಮುಖಕ್ಕೂ ಎದೆಗೂ ಎರಚಿಕೊಂಡೆ, ಬೆವರು ಕಂಡ ಹಾಗೆ. ಪೆಟ್ಟಿಗೆ ತಲೆಗೇರಿಸಿಕೊಂಡು ಫಟಫಟಿಯ ಮುಂದೆ ಓಡುತ್ತಾ ಊರು ಹೊಕ್ಕೆ. ಅವತ್ತಿನಿಂದ ಇದೇ ನಮ್ಮ ಪದ್ಧತಿಯಾಯಿತು. ಬಯಲಿನಲ್ಲಿ ಸೀಟು, ಹದ್ದಿನೊಳಗೆ ಓಟ. ಯಾರು ನೋಡಿದರೂ ದಣಿದ ಆಳು, ಹಿಂದೆ ಸಾಹೇಬರು. ನಾನು ನೀರು ಎರಚಿಕೊಳ್ಳುವಾಗ ಡಾಕ್ಟರು ಬೇರೆ ಕಡೆ ನೋಡುತ್ತಿದ್ದರು.

ಹಾಗೆಯೇ ಬಯಲಿನಲ್ಲಿ ಒಂದು ದಿನ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟರು. ಯಾಕೆ ಕೊಟ್ಟರೋ ಗೊತ್ತಿಲ್ಲ. ಕ್ಲಚ್ಚು ಬಿಡುವುದು, ಗೇರು ಹಾಕುವುದು, ಉಸುಕಿನಲ್ಲಿ ಅಂಜಿ ನಿಧಾನ ಮಾಡದೆ ಒಂದೇ ಹದದಲ್ಲಿ ಹೋಗುವುದು ಕಲಿಸಿದರು. ನಾನು ಬಿದ್ದೆ, ಅವರು ನಕ್ಕರು. ಎತ್ತಲು ಬಂದರೆ “ನೀವು ಮುಟ್ಟಬ್ಯಾಡ್ರೀ,” ಎಂದೆ. ಅದು ಅವರಿಗೆ ತಿಳಿಯಿತು. ಆ ಹಾದಿಯಲ್ಲಿ ನಾವಿಬ್ಬರೂ ಗಟ್ಟಿಯಾಗಿ ನಕ್ಕದ್ದು ಅದೊಂದೇ ಸಲ.

ಪಾಮನಕಲ್ಲೂರಿನ ಆಚೆ, ಊರಿಂದ ದೂರ, ಒಂದು ದನದ ದೊಡ್ಡಿ ಇತ್ತು. ಅಲ್ಲಿ ಸೂಜಿ ಹಾಕಲು ಹೋದಾಗ ಒಂದು ಹೋರಿ ಡಾಕ್ಟರರ ತೊಡೆಗೆ ಕೋಡು ಹಾಕಿತು. ದೊಡ್ಡಿಯ ದನಗಾಹಿ ಮತ್ತು ನಾನು, ಇಬ್ಬರೇ. ಬಟ್ಟೆ ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಲಿಂಗಸುಗೂರಿನ ದೊಡ್ಡ ದವಾಖಾನೆಗೆ ಬಂಡಿಯಲ್ಲಿ ಹೋದರೆ ಮನುಷ್ಯ ಉಳಿಯುವ ಹಾಗಿರಲಿಲ್ಲ, ಅದು ನನಗೂ ತಿಳಿಯಿತು, ಅವರಿಗೂ ತಿಳಿಯಿತು. ಆ ಕಾಲಿನಿಂದ ಅವರು ಕಿಕ್ ಹೊಡೆಯುವುದು ಸಾಧ್ಯವೇ ಇಲ್ಲ. “ನೀನ ನಡಸು,” ಎಂದರು. ಧೂಳಿಗೆಂದು ತಮ್ಮ ಕನ್ನಡಕವನ್ನು ನನ್ನ ಕಣ್ಣಿಗೆ ಹಾಕಿ, ಬಿಸಿಲಿಗೆಂದು ಟೋಪಿಯನ್ನು ನನ್ನ ತಲೆಗೆ ಇಟ್ಟರು. ದನಗಾಹಿ ಅವರನ್ನು ಹಿಂದೆ ಕೂರಿಸಿ, ನನ್ನ ತಲೆಯ ರುಮಾಲಿನಿಂದಲೇ ನನ್ನ ಸೊಂಟಕ್ಕೆ ಕಟ್ಟಿ, ಮೇಲೆ ತನ್ನ ಕಂಬಳಿ ಹೊದಿಸಿದ. ನಾನೇನೂ ನೋಡಿಲ್ಲಪ್ಪ ಎಂದು ತಾನಾಗಿಯೇ ಹೇಳಿದ.

ಅವರ ಹಣೆ ನನ್ನ ಬೆನ್ನ ಮೇಲೆ ಒರಗಿತ್ತು. ಅವರ ಉಸಿರು ನನ್ನ ಅಂಗಿಯೊಳಗೆ ತಾಗುತ್ತಿತ್ತು. ನಮ್ಮ ಕೇರಿಯ ಹೊರಗಿನವರು ಯಾರೂ ಎಂದೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಮಸ್ಕಿಯ ಹದ್ದು ಬಂದಾಗ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು. ಅಲ್ಲಿಂದ ಮುಂದೆ ನಾನು ಎಂದೂ ಸೀಟಿನ ಮೇಲೆ ಹೋದವನಲ್ಲ. ಬೆನ್ನ ಹಿಂದಿನಿಂದ ಒಂದೇ ಮಾತು ಬಂತು: “ಇಳೀಬ್ಯಾಡ.”

ಇಳಿಯಲಿಲ್ಲ. ಬಜಾರಿನ ಧೂಳೆಬ್ಬಿಸಿಕೊಂಡು ಹೋದೆ. ಕಟ್ಟೆಯ ಮೇಲಿದ್ದವರು ಟೋಪಿ ನೋಡಿದರು. ಎಲ್ಲರೂ ಎದ್ದು ನಿಂತು ಕೈ ಮುಗಿದರು. ಪಟೇಲರೂ ಎದ್ದರು. ತಿರುಗಿ ಕೈ ಮುಗಿಯಬೇಕೆಂದು ನನ್ನ ಕೈ ತುರಿಸಿದವು, ಹಿಡಿಕೆ ಬಿಡುವ ಹಾಗಿರಲಿಲ್ಲ. ಹೆದರಿಕೆಯಿದ್ದರೂ, ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಬಹಳ ಚೆನ್ನಾಗಿಯೂ ಅನ್ನಿಸಿತು...

ಡಾಕ್ಟರು ಉಳಿದರು. ಹೊತ್ತಿಗೆ ಸರಿಯಾಗಿ ಬಂದರು ಎಂದು ದವಾಖಾನೆಯವರು ಹೇಳಿದರು. ನಾನು ಅಲ್ಲಿಯೇ ಮೆಟ್ಟಿಲ ಕೆಳಗೆ ಬಿದ್ದುಕೊಂಡಿದ್ದೆ. ಅವರು ಎದ್ದು ಕೂರುವಷ್ಟಾದ ಮೇಲೆ ಮಸ್ಕಿಯ ಪಟೇಲರು ಹಿರಿಯರನ್ನು ಕರೆದುಕೊಂಡು ಮಾತಾಡಿಸಲು ಬಂದರು. ಕಟ್ಟೆಯ ಮೇಲಿನ ಕಣ್ಣುಗಳಲ್ಲಿ ಒಂದು ಜೋಡಿ ಕಣ್ಣು ಟೋಪಿಯನ್ನು ಬಿಟ್ಟು ಕೆಳಗೆ ನೋಡಿತ್ತು.

“ಮುಂದ ಕುಂತಾವರ ಕಾಲಾಗ ಬೂಟು ಇದ್ದಿದ್ದಿಲ್ಲ ಅಂತ ನಮ್ಮೂರ ದರ್ಜಿ ಅಂತಾನ್ರೀ,” ಎಂದರು ಪಟೇಲರು, ಬಹಳ ಮೆತ್ತಗೆ.

ಡಾಕ್ಟರು ನನ್ನ ಕಡೆ ನೋಡಿದರು. ನಿಜ ಹೇಳಬೇಕೆಂದು ಅವರ ತುಟಿಯ ತನಕ ಬಂದದ್ದನ್ನು ನಾನು ಕಂಡೆ. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಮನೆಯಲ್ಲಿ ಅಪ್ಪ ಇದ್ದ, ಅವ್ವ ಇದ್ದಳು, ಗುಡಿಸಲಿಗೆ ಹುಲ್ಲಿನ ಮಾಡು, ಊರಿಗೆ ಸಿಟ್ಟು ಬಂದರೆ ಒಂದು ಕಡ್ಡಿ ಸಾಕು.

“ಕಾಲು ಬಾತಿತ್ತು. ಬೂಟು ಕಳದಿದ್ದೆ,” ಎಂದರು ಡಾಕ್ಟರು.

“ಹಿಂದ ಕಂಬಳ್ಯಾಗ ಯಾರ ಇದ್ರೀ?”

“ಸಾಮಾನಿನ ಗಂಟು.”

“ಮತ್ತ ನಮ್ಮ ಆಳು?”

“ಮುಂದ ಓಡಿದ.”

ಪಟೇಲರು ನನ್ನ ಕಡೆ ತಿರುಗಿ “ಹೌದೇನಲೇ?” ಎಂದರು. ನಾನು ಕೈ ಜೋಡಿಸಿ ಹೌದ್ರೀ ಅಂದೆ. ಅವರ ಮುಖ ಹಗುರಾಯಿತು. ಅವರಿಗೆ ಎಲ್ಲ ಗೊತ್ತಿತ್ತೆಂದೇ ನನ್ನ ನಂಬಿಕೆ. ಊರನ್ನು ಸುಮ್ಮನಾಗಿಸಲು ಅವರಿಗೆ ಸಾಹೇಬರ ಬಾಯಿಂದ ಒಂದು ಮಾತು ಬೇಕಿತ್ತು, ಸಿಕ್ಕಿತು. ಓಡಿದವನು ಯಾಕೆ ಕಾಣಲಿಲ್ಲ ಎಂಬುದಕ್ಕೆ ಹಿರಿಯರಲ್ಲಿ ಒಬ್ಬರು ತಾವೇ ಉತ್ತರ ಕಂಡುಕೊಂಡರು: ಅಷ್ಟು ಜೋರು ಓಡಿದ್ದ, ಫಟಫಟಿ ಬರುವಷ್ಟರಲ್ಲಿ ಬಜಾರು ದಾಟಿಬಿಟ್ಟಿದ್ದ. ಶಹಭಾಸ್ ಎಂದರು.

ಅವರು ಹೋದ ಮೇಲೆ ಡಾಕ್ಟರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸುಳ್ಳು ಅವರದು, ಹೌದೆಂದದ್ದು ನಾನು, ಆದರೂ ಅವರು ಆಮೇಲೆ ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡಲೇ ಇಲ್ಲ. ಹತ್ತು ಎಂದು ಮತ್ತೆ ಹೇಳಲಿಲ್ಲ. ಹೇಳಿದರೆ ಹತ್ತುತ್ತಿದ್ದೆನೋ ಏನೋ.

ಸ್ವಲ್ಪ ದಿನಕ್ಕೆ ಅವರಿಗೆ ಗಂಗಾವತಿಯ ಕಡೆ ವರ್ಗವಾಯಿತು. ಹೋಗುವ ದಿನ ಮಸ್ಕಿಯ ಕಟ್ಟೆಯ ಮುಂದೆ ನಿಲ್ಲಿಸಿ ಮಾಲೆ ಹಾಕಿದರು. ದರ್ಜಿಯೂ ಗುಂಪಿನಲ್ಲಿದ್ದ. ಯಾರೋ ಹೇಳಿದರು: “ಅವತ್ತ ಓಡಿದ್ದು ನಮಗ ಕಾಣಲಿಲ್ಲ. ಇವತ್ತ ಎಲ್ಲಾರ ಮುಂದ ಓಡಿ ತೋರಸಲೇ.” ಡಾಕ್ಟರು ಬೇಡ ಎಂದರು. ಅವರ ದನಿ ಗುಂಪಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ, ನನಗೆ ಕೇಳಿತು. ಆದರೆ ನಾನು ಓಡದಿದ್ದರೆ ಅವರು ನನಗಾಗಿ ಹೇಳಿದ ಸುಳ್ಳು ಅಲ್ಲಿಯೇ ಬಯಲಾಗುತ್ತಿತ್ತು. ರುಮಾಲು ಸೊಂಟಕ್ಕೆ ಬಿಗಿದು ಓಡಿದೆ. ಹಿಂದೆ ಊರು ಕೂಗುತ್ತಿತ್ತು, ಫಟಫಟಿ ನನ್ನ ಹೆಜ್ಜೆಯಲ್ಲಿಯೇ ಬರುತ್ತಿತ್ತು. ಎಂಜಿನ್ನು ಕಾದು ಸುಟ್ಟ ಎಣ್ಣೆಯ ವಾಸನೆ ನನ್ನ ಬೆನ್ನಿಗೆ ಹತ್ತಿಕೊಂಡೇ ಬಂತು. ದಾಟಿ ಹೋಗಬಹುದಿತ್ತು ಅವರು. ಹೋದರೆ ನಾನು ಸೋತ ಹಾಗೆ ಆಗುತ್ತದೆಂದು ಹೋಗಲಿಲ್ಲ.

ಸಿಂಧನೂರಿನ ಕಡೆಯ ಹದ್ದಿನಲ್ಲಿ ನಿಂತೆ. ಅವರೂ ನಿಂತರು. “ಇದನ್ನ ನಾ ಯಾಕ ತಗೊಂಡೆ ಅಂತ ನಿನಗ ಗೊತ್ತದ,” ಎಂದರು. ಗೊತ್ತದರೀ ಎಂದೆ. ನನ್ನ ಕಾಲು ನೋಡಿ ಗೇರು ಹಾಕಿದರು. ಗೊರೇಬಾಳದ ದಿಕ್ಕಿಗೆ ಧೂಳು ಏಳುವುದನ್ನು ನೋಡುತ್ತಾ ನಿಂತೆ. ಹಿಂದಿನ ಸೀಟು ಖಾಲಿ ಇತ್ತು.

ಆಮೇಲೆ ನಿಜಾಮನ ರಾಜ್ಯ ಹೋಯಿತು, ಬಿಟ್ಟಿಯೂ ಹೋಯಿತು. ನಾನು ಸಿಂಧನೂರಿನ ಸಾಲೆಯಲ್ಲಿ ಗಂಟೆ ಹೊಡೆಯುವ ಸಿಪಾಯಿಯಾದೆ, ಅಕ್ಷರ ಕಲಿತೆ, ಮಕ್ಕಳನ್ನು ಓದಿಸಿದೆ. ಮನೆಯಲ್ಲಿ ಬುದ್ಧನ ಫೋಟೋ ಇದೆ, ಮಕ್ಕಳಿಗೆ ತಿಂಗಳ ಪಗಾರ ಇದೆ. ಡಾಕ್ಟರು ಗಂಗಾವತಿಯಲ್ಲಿಯೇ ತೀರಿಕೊಂಡರಂತೆ. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಅದು ಹಳೆಯದಾಗಿತ್ತು.

ಆದರೆ ಮಸ್ಕಿಯಲ್ಲಿ ಆ ಓಟ ಸಾಯಲಿಲ್ಲ. ವರ್ಷ ಹೋದಂತೆ ಬೆಳೆಯಿತು. ಮೊನ್ನೆ ಅಲ್ಲಿಯ ಸಾಲೆಯವರು ಬಂದು, ಫಟಫಟಿಯನ್ನು ಹಿಂದೆ ಹಾಕಿ ಸಾಹೇಬರ ಜೀವ ಉಳಿಸಲು ಓಡಿದ ಮುತ್ಯಾ ಎಂದು ಕರೆದುಕೊಂಡು ಹೋಗಿ ವೇದಿಕೆಯ ಮೇಲೆ ಕೂರಿಸಿದರು. ಆ ಪಟೇಲರ ಮೊಮ್ಮಗನೇ ನನ್ನ ಹೆಗಲು ಮುಟ್ಟಿ ಶಾಲು ಹೊದಿಸಿದ. ಈ ಸಲ ಹೇಳಿಬಿಡುವುದೆಂದೇ ಹೋಗಿದ್ದೆ. ಮೈಕು ಕೈಗೆ ಕೊಟ್ಟರು.

“ನಾ ಓಡಲಿಲ್ಲರೀ. ಫಟಫಟಿ ನಡಿಸಿದಾವನ ನಾನು. ಡಾಕ್ಟರು ನನ್ನ ಬೆನ್ನಿಗೆ ಇದ್ರು,” ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗು. ಮುತ್ಯಾ ಚ್ಯಾಷ್ಟಿ ಮಾಡಾಕತ್ತಾನ ಎಂದು ಯಾರೋ ಕೂಗಿದರು, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ಮುಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡಿದೆ. ಹೌದು ಎನ್ನಬೇಕಾದವರು ಅಲ್ಲಿ ಇರಲಿಲ್ಲ, ಎಲ್ಲಿಯೂ ಇಲ್ಲ. ನಾಚಿಕೆಯಾಯಿತು. ಕೈ ಮುಗಿದು, ಹೌದ್ರೀ ಓಡಿದೆ ಅಂದು ಕೆಳಗಿಳಿದೆ.